ಚಿಕ್ಕಪ್ಪನ ಬೈಕಿನ ಹಳದಿ ಲೈಟು: ಮನೆಯಲ್ಲೇ ತಪಾಸಣೆಗೆ ಕಡಿಮೆ ಖರ್ಚಿನ ಸಾಧನ ಆರಿಸಿದ ಒಂದು ಪ್ರಕರಣ

ಪುಷ್ಯ ಮಳೆ ಹಿಡಿದುಕೊಂಡ ವಾರ ಚಿಕ್ಕಪ್ಪನ ಬೈಕಿನ ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟು ಮತ್ತೆ ಹತ್ತಿತು. ಇದು ಎರಡನೇ ಸಲ. ಜೂನ್ ಕೊನೆಯಲ್ಲಿ ಮೊದಲ ಸಲ ಹತ್ತಿದಾಗ ತೋಟಕ್ಕೆ ಔಷಧಿ ಹೊಡೆಯುವವರಿಗೆ ಒಂದು ದಿನ ಬಿಟ್ಟು ಬನ್ನಿ ಎಂದು ಹೇಳಿ, ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗದ ಸರ್ವೀಸ್ ಸೆಂಟರಿಗೆ ಸುಮಾರು 60 ಕಿ.ಮೀ. ಮಳೆಯಲ್ಲೇ ಹೋಗಿದ್ದರು. ಅಲ್ಲಿ ವೈರು ಸಿಕ್ಕಿಸಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ, 4,200 ರೂಪಾಯಿ ಆಗುತ್ತೆ, ತರಿಸಬೇಕು" ಎಂದಿದ್ದರು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಭಾಗ ಅದು. ಲೈಟು ಆರಿಸಿ ಕಳಿಸಿದರು. ಮೂರು ವಾರ ಸುಮ್ಮನಿತ್ತು.

"ಸೆನ್ಸರ್ ಹಾಕಿಸಿಬಿಡಲಾ, ಇಲ್ಲಾ ನೀನೇ ಒಂದ್ಸಲ ನೋಡ್ತೀಯಾ ಮಾರಾಯ?" ಎಂದು ಚಿಕ್ಕಪ್ಪ ಕೇಳಿದರು. ಮನೆಯ ಬೈಕುಗಳ ಪ್ಲಗ್ಗು, ಚೈನು, ಬ್ರೇಕ್ ಶೂ, ಟ್ಯಾಪೆಟ್ ಎಲ್ಲ ನನ್ನ ಪಾಲಿಗೇ ಬಿದ್ದಿರುವ ಕೆಲಸ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಭಾನುವಾರ ಬಂತೆಂದರೆ ಜೆಟ್ ಬಿಚ್ಚಿ ಊದುತ್ತ ಕೂರುತ್ತಿದ್ದೆ. ಆದರೆ ಈ ಬೈಕು 2021ರ ಮಾಡೆಲ್, 350 ಸಿಸಿ, ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ), ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್. ಆಯಿಲ್ ಬದಲಿಸುವುದು, ಚೈನ್ ಬಿಗಿ ಮಾಡುವುದು ಬಿಟ್ಟರೆ ಇದರ ಇಂಜಿನ್ನಿಗೆ ನಾನು ಕೈ ಹಾಕಿರಲಿಲ್ಲ.

ಬೈಕಿನ ಸ್ಥಿತಿ ಹೀಗಿತ್ತು. ಸ್ಟಾರ್ಟ್ ಆಗುತ್ತಿತ್ತು, ಓಡುತ್ತಿತ್ತು, ಎಳೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೈಲೇಜು ಮಾತ್ರ 35ರ ಆಸುಪಾಸಿನಿಂದ 31ಕ್ಕೆ ಇಳಿದಿತ್ತು. ಎರಡು ಸಲವೂ ಲೈಟು ಬಂದದ್ದು ಮಳೆ ಜೋರಾಗಿದ್ದಾಗಲೇ. ಮಳೆಯ ಮಾತನ್ನು ಚಿಕ್ಕಪ್ಪ ಮೊದಲ ಸಲವೇ ಸರ್ವೀಸ್ ಸೆಂಟರಿನಲ್ಲಿ ಹೇಳಿದ್ದರಂತೆ, ಆದರೆ ಅದನ್ನು ಯಾರೂ ಬರೆದುಕೊಂಡಿರಲಿಲ್ಲ. ನನಗೆ ಅಲ್ಲೇ ಅನುಮಾನ ಬಂತು. ಸೆನ್ಸರ್ ಒಳಗಡೆಯೇ ಸುಟ್ಟಿದ್ದರೆ ಮಳೆ ಬಂದರೂ ಒಂದೇ, ಬಿಸಿಲು ಬಂದರೂ ಒಂದೇ. ಮಳೆಗೆ ಬಂದು ಬಿಸಿಲಿಗೆ ಹೋಗುವುದು ವೈರಿನ, ಕನೆಕ್ಟರಿನ ತೊಂದರೆಯ ಸ್ವಭಾವ.

ಏನು ಕೊಳ್ಳುವುದು

2020ರ ಏಪ್ರಿಲ್ 1ರಿಂದ ಬಿಎಸ್6 ಜಾರಿಗೆ ಬಂದ ಮೇಲೆ ನಮ್ಮ ದ್ವಿಚಕ್ರ ವಾಹನಗಳಿಗೂ ತಮ್ಮ ದೋಷವನ್ನು ತಾವೇ ಗುರುತಿಸಿ ಲೈಟು ಹತ್ತಿಸುವ ವ್ಯವಸ್ಥೆ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತವೂ ಬಂತು. ಅದಕ್ಕೂ ಮುಂಚಿನ ಇಂಜೆಕ್ಷನ್ ಬೈಕುಗಳಲ್ಲಿ ಕಂಪನಿಗೊಂದು ಪ್ಲಗ್ಗು, ಕಂಪನಿಗೊಂದು ಭಾಷೆ. ಈಗಿನ ಬಹಳಷ್ಟು ಬೈಕುಗಳಲ್ಲಿ ಸೀಟಿನ ಕೆಳಗೆ, ಬ್ಯಾಟರಿ ಹತ್ತಿರ, ರಬ್ಬರ್ ಮುಚ್ಚಳ ಹಾಕಿದ 6 ಪಿನ್ನಿನ ಕೆಂಪು ಕನೆಕ್ಟರ್ ಇರುತ್ತದೆ. ನಮ್ಮದರಲ್ಲೂ ಅದೇ ಇತ್ತು. ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಓಬಿಡಿ ಪೋರ್ಟಿನ (ಗಾಡಿಯ ದೋಷ ಓದಲು ಸಾಧನ ಸಿಕ್ಕಿಸುವ ಜಾಗ) ಕೆಲಸವನ್ನೇ ಇದೂ ಮಾಡುವುದು, ಆಕಾರ ಬೇರೆ ಅಷ್ಟೆ.

ಕೊಳ್ಳಲು ಹೊರಟರೆ ಆಯ್ಕೆಗಳು ಮುಖ್ಯವಾಗಿ ಮೂರು ಬಗೆ. ಗ್ಯಾರೇಜಿನವರು ಕೊಳ್ಳುವ, ಪರದೆ ಇರುವ, ಹಲವು ಕಂಪನಿಯ ಬೈಕು ಓದುವ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಒಂದು. ಶಿವಮೊಗ್ಗದ ಒಂದು ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಿದಾಗ 14,000 ರೂಪಾಯಿ ಹೇಳಿದರು. ಎರಡನೆಯದು ಮೂರ್ನಾಲ್ಕು ಸಾವಿರದ ಒಳ್ಳೆಯ ಬ್ಲೂಟೂತ್ ಅಡಾಪ್ಟರ್. ಮೂರನೆಯದು ಇಎಲ್ಎಂ327 ಹೆಸರಿನಲ್ಲಿ ಮುನ್ನೂರರಿಂದ ಸಾವಿರದ ಚಿಲ್ಲರೆವರೆಗೆ ಸಿಗುವ ಪುಟ್ಟ ಡಾಂಗಲ್. ಇವೆರಡಕ್ಕೂ ಮೊಬೈಲೇ ಪರದೆ, ಮತ್ತು ಎರಡೂ ಕಾರಿನ ಪೋರ್ಟಿಗೆಂದು ಮಾಡಿದವು, ಹಾಗಾಗಿ 6 ಪಿನ್ನಿನಿಂದ 16 ಪಿನ್ನಿಗೆ ಹೋಗುವ ಕೇಬಲ್ಲನ್ನು ಬೇರೆ ಕೊಳ್ಳಬೇಕು.

14,000ದ ಸ್ಕ್ಯಾನರ್ ಕಡೆ ಮನಸ್ಸು ಎಳೆದದ್ದು ನಿಜ. ಅದು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಓದುತ್ತದೆ, ಸರ್ವೀಸ್ ರಿಮೈಂಡರ್ ತೆಗೆಯುತ್ತದೆ. ದಿನಕ್ಕೆ ಹತ್ತು ಬೈಕು ನೋಡುವ ಗ್ಯಾರೇಜಿಗೆ ಅದು ಬೇಕು. ನಮ್ಮ ಮನೆಯಲ್ಲಿರುವುದು ಮೂರು ಗಾಡಿ. ವರ್ಷಕ್ಕೆ ಎರಡೋ ಮೂರೋ ಸಲ ಲೈಟು ಹತ್ತಿದರೆ ಹೆಚ್ಚು. ನನ್ನ ಅಗತ್ಯ ಇಷ್ಟೇ ಆಗಿತ್ತು: ದೋಷದ ಕೋಡ್ ಓದಬೇಕು, ಸೆನ್ಸರುಗಳ ಅಂಕಿ ಓಡುತ್ತಿರುವಾಗಲೇ ಕಾಣಬೇಕು, ಕೆಲಸ ಆದಮೇಲೆ ಕೋಡ್ ಅಳಿಸಬೇಕು. ಈ ಮೂರಕ್ಕೆ ಡಾಂಗಲ್ ಸಾಕು. ಅದು ತೋರಿಸಿದ ಜಾಗವನ್ನು ಅಳೆದು ನೋಡಲು ಮಲ್ಟಿಮೀಟರ್ ಬೇಕು. ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡುವುದಕ್ಕೆಂದು 750 ರೂಪಾಯಿಗೆ ತಂದದ್ದು ಮನೆಯಲ್ಲೇ ಇತ್ತು.

ಮೊದಲ ಡಾಂಗಲ್ 349 ರೂಪಾಯಿಯದು. ನೀಲಿ ಬಣ್ಣದ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಮೇಲೆ ವಿ2.1 ಎಂದು ಬರೆದಿತ್ತು. ಬ್ಲೂಟೂತ್ ಜೋಡಣೆಯಾಯಿತು, ಕೆಂಪು ದೀಪ ಹತ್ತಿತು, ಆಪ್ ಮಾತ್ರ ಇಸಿಯು, ಅಂದರೆ ಇಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರನ್ನು, ಹುಡುಕುತ್ತಲೇ ಇತ್ತು. ಶಾಲೆಯ ಸಹೋದ್ಯೋಗಿಯ ಕಾರಿಗೆ ಹಾಕಿದರೆ ಅರ್ಧ ನಿಮಿಷದಲ್ಲಿ ಎಲ್ಲ ತೋರಿಸಿತು! ಹಾಗಾದರೆ ಬೈಕಿನದೇ ತಪ್ಪು ಎಂದು ಒಂದು ಸಂಜೆ ಪೂರ್ತಿ ಬೈಕಿನ ಫ್ಯೂಸ್ ಹುಡುಕುತ್ತ ಕಳೆದೆ. ಆ ಸಂಜೆ ಈಗಲೂ ಬೇಜಾರು ತರಿಸುತ್ತದೆ, ಏಕೆಂದರೆ ಕಾರಣ ಗೊತ್ತಾದ ಮೇಲೆ ತುಂಬ ಸರಳವಾಗಿತ್ತು. ಇಎಲ್ಎಂ327 ಎಂಬುದು ಮೂಲತಃ ಕೆನಡಾದ ಒಂದು ಸಣ್ಣ ಕಂಪನಿಯ ಚಿಪ್ಪು. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದವೆಲ್ಲ ಅದರ ನಕಲು. ನಕಲಿನಲ್ಲೂ ದರ್ಜೆಗಳಿವೆ. ತೀರಾ ಅಗ್ಗದವು ಮೂಲ ಚಿಪ್ಪಿನ ಎಲ್ಲ ಕಮಾಂಡುಗಳನ್ನೂ ಪಾಲಿಸುವುದಿಲ್ಲ. ಕಾರಿನ ಜೊತೆ ಅಷ್ಟರಲ್ಲೇ ಕೆಲಸ ನಡೆದುಹೋಗುತ್ತದೆ, ಬೈಕಿನ ಇಸಿಯು ಜೊತೆ ಎಷ್ಟೋ ಸಲ ನಡೆಯುವುದಿಲ್ಲ. ಇನ್ನೊಂದು ಗಮನಿಸಬೇಕಾದ ವಿಷಯ: ಮೂಲ ಕಂಪನಿ 1.5 ಎಂಬ ಆವೃತ್ತಿಯನ್ನು ಬಿಡುಗಡೆ ಮಾಡಿಯೇ ಇಲ್ಲ, ಆದರೂ ನಕಲುಗಳ ಪೈಕಿ ಚೆನ್ನಾಗಿ ಕೆಲಸ ಮಾಡುವವು ಸಾಮಾನ್ಯವಾಗಿ ವಿ1.5 ಎಂಬ ಹೆಸರಿನಲ್ಲೇ ಬರುತ್ತವೆ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಂಡು ನಾನು 2.1 ಕೊಂಡಿದ್ದೆ.

ವಾಪಸು ಕಳಿಸಿ, ಒಳ್ಳೆಯ ನಕಲುಗಳಲ್ಲಿ ಬಳಸುವ ಪಿಐಸಿ18ಎಫ್25ಕೆ80 ಚಿಪ್ ಇದೆ ಎಂದು ವಿವರದಲ್ಲಿ ಸ್ಪಷ್ಟವಾಗಿ ಬರೆದಿದ್ದ ಡಾಂಗಲ್ಲನ್ನು 1,150ಕ್ಕೆ ತರಿಸಿದೆ. ನನ್ನದು ಆಂಡ್ರಾಯ್ಡ್ ಫೋನು, ಹಾಗಾಗಿ ಹಳೆಯ ಬಗೆಯ ಬ್ಲೂಟೂತ್ ಸಾಕಾಯಿತು; ಐಫೋನ್ ಇರುವವರು ಬಿಎಲ್ಇ (ಹೊಸ ಬಗೆಯ ಬ್ಲೂಟೂತ್) ಅಥವಾ ವೈಫೈ ಇರುವುದನ್ನೇ ನೋಡಿ ಕೊಳ್ಳಬೇಕು, ಇಲ್ಲದಿದ್ದರೆ ಜೋಡಣೆಯೇ ಆಗುವುದಿಲ್ಲ. ಕೊಳ್ಳುವ ಮುನ್ನ ತಮ್ಮದೇ ಮಾಡೆಲ್, ತಮ್ಮದೇ ವರ್ಷದ ಬೈಕಿನಲ್ಲಿ ಯಾರಾದರೂ ಬಳಸಿದ್ದಾರೆಯೇ ಎಂದು ವಿಚಾರಿಸುವುದು ಇನ್ನೂ ಮುಖ್ಯ. ಬಿಎಸ್6 ಆದ ಮಾತ್ರಕ್ಕೆ ಎಲ್ಲ ಬೈಕೂ ಸಾಮಾನ್ಯ ಆಪ್‌ಗೆ ಉತ್ತರ ಕೊಡುತ್ತದೆ ಎಂದೇನಿಲ್ಲ.

ಸಿಕ್ಕಿಸುವ ಮುನ್ನ

ಕೇಬಲ್ 550 ರೂಪಾಯಿ. ಬಂದ ದಿನ ಅದನ್ನು ಬೈಕಿಗೆ ಹಾಕಲಿಲ್ಲ. ಒಂದೇ ಆಕಾರದ ಪ್ಲಗ್ಗಿನಲ್ಲಿ ಒಳಗಿನ ಜೋಡಣೆ ಬೇರೆ ಇರುವ ಕೇಬಲ್‌ಗಳು ಸಿಗುತ್ತವೆ. ಬ್ಯಾಟರಿಯ 12 ವೋಲ್ಟ್ ತಪ್ಪಿ ಮಾಹಿತಿ ಹೋಗುವ ವೈರಿಗೆ ತಾಗಿದರೆ ಇಸಿಯು ಹಾಳಾಗಬಹುದು. ಅದರ ಬೆಲೆಯ ಮುಂದೆ ಸೆನ್ಸರಿನ 4,200 ಏನೂ ಅಲ್ಲ. ಹಾಗಾಗಿ ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

16 ಪಿನ್ನಿನ ಕಡೆ ಜೋಡಣೆ ಎಲ್ಲ ಕಡೆ ಒಂದೇ: 16ನೆಯದು ಬ್ಯಾಟರಿ ಪಾಸಿಟಿವ್, 4 ಮತ್ತು 5 ಅರ್ಥ್, 6 ಮತ್ತು 14 ಕ್ಯಾನ್ ಎಂಬ ಮಾಹಿತಿ ಜಾಲದ ಎರಡು ವೈರು, 7 ಹಳೆಯ ಪದ್ಧತಿಯ ಕೆ-ಲೈನ್. ಮೊದಲು ಬೈಕಿನ ಕೀ ಆನ್ ಮಾಡಿ ಕೆಂಪು ಕನೆಕ್ಟರಿನ ಒಂದೊಂದೇ ಪಿನ್ನನ್ನು ಮಲ್ಟಿಮೀಟರಿನಲ್ಲಿ ನೋಡಿದೆ. ಒಂದರಲ್ಲಿ 12.5 ವೋಲ್ಟ್, ಒಂದು ಅರ್ಥ್, ಎರಡರಲ್ಲಿ 2.6 ಮತ್ತು 2.4 ವೋಲ್ಟ್. ಎರಡೂವರೆಯ ಆಸುಪಾಸಿನಲ್ಲಿ ಇರುವವೇ ಕ್ಯಾನ್ ವೈರುಗಳು. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ ಆ ಎರಡು ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ನೋಡಿದೆ, 61 ಓಮ್ ಬಂತು. ಜಾಲದ ಎರಡು ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಸಮಾಂತರವಾಗಿ ಸೇರಿದರೆ 60. ಹತ್ತನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಪ್ರತಿ ವರ್ಷ ಬರೆಯುವ ಲೆಕ್ಕ, ಬೈಕಿನ ಸೀಟಿನ ಕೆಳಗೆ ಸಿಕ್ಕಿದಾಗ ಖುಷಿಯಾಯಿತು. ಕೊನೆಗೆ ಕೇಬಲ್ಲಿನ ಆ ತುದಿಯಿಂದ ಈ ತುದಿಗೆ ಕಂಟಿನ್ಯುಟಿ ಹಿಡಿದು, ಅಂದರೆ ಯಾವ ಪಿನ್ನು ಯಾವುದಕ್ಕೆ ಸೇರಿದೆ ಎಂದು ಮೀಟರಿನಲ್ಲಿ ನೋಡಿ, 12 ವೋಲ್ಟಿನ ಪಿನ್ನು 16ಕ್ಕೇ ಹೋಗುತ್ತದೆ, ಕ್ಯಾನ್ ವೈರುಗಳು 6 ಮತ್ತು 14ಕ್ಕೇ ಹೋಗುತ್ತವೆ ಎಂದು ಖಾತ್ರಿ ಮಾಡಿಕೊಂಡೆ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಮರುದಿನ ಸಂಜೆ ಸಿಕ್ಕಿಸಿದೆ. ಈ ಸಲ ಆಪ್ ತೆರೆದ ಕೂಡಲೇ ಆರ್‌ಪಿಎಂ ಬಂತು. ಕೋಡ್ ಒಂದೇ ಇತ್ತು: ಪಿ0030.

ಕೋಡ್ ಹೇಳಿದ್ದು, ಹೇಳದೇ ಇದ್ದದ್ದು

ಪಿ0030 ಎಂದರೆ ಆಕ್ಸಿಜನ್ ಸೆನ್ಸರಿನ ಹೀಟರ್ ಕಂಟ್ರೋಲ್ ಸರ್ಕ್ಯೂಟ್. ಸೆನ್ಸರ್ ಕೆಟ್ಟಿದೆ ಎಂದಲ್ಲ. ಸೈಲೆನ್ಸರ್ ಪೈಪಿನಲ್ಲಿ ಕೂರುವ ಈ ಸೆನ್ಸರ್ ಸುಮಾರು 300 ಡಿಗ್ರಿ ಕಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುವುದು. ಹೊಗೆಯ ಶಾಖದಿಂದಲೇ ಕಾಯಲಿ ಎಂದು ಬಿಟ್ಟರೆ ಹೊತ್ತು ಹಿಡಿಯುತ್ತದೆ, ಅದಕ್ಕೆ ಒಳಗೊಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಆ ಹೀಟರಿಗೆ ಕರೆಂಟು ಹೋಗಿ ಬರುವ ದಾರಿಯಲ್ಲಿ ಎಲ್ಲೋ ತಪ್ಪಿದೆ ಎಂಬುದಷ್ಟೇ ಕೋಡಿನ ಮಾತು. ಆ ದಾರಿಯಲ್ಲಿ ಸೆನ್ಸರ್ ಇದೆ, ಕನೆಕ್ಟರುಗಳಿವೆ, ಫ್ಯೂಸ್ ಇದೆ, ಇಸಿಯು ಇದೆ. ಸರ್ವೀಸ್ ಸೆಂಟರಿನವರು ಇದೇ ಕೋಡ್ ನೋಡಿ ನೇರ ಸೆನ್ಸರಿಗೆ ಹೋಗಿದ್ದರು. 14,000ದ ಸ್ಕ್ಯಾನರ್ ಕೊಂಡಿದ್ದರೂ ನನಗೆ ಕಾಣುತ್ತಿದ್ದದ್ದು ಇದೇ ಪಿ0030.

ಮೈಲೇಜಿನ ಗುಟ್ಟೂ ಇಲ್ಲೇ ಬಿಚ್ಚಿಕೊಂಡಿತು. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಸೆನ್ಸರಿನ ವೋಲ್ಟೇಜ್ ನೋಡುತ್ತ ಕುಳಿತೆ. ಸರಿಯಾಗಿದ್ದರೆ ಅದು 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಆಡುತ್ತಿರಬೇಕು. ಇದು 0.45ರಲ್ಲಿ ಅಲುಗಾಡದೆ ಕೂತಿತ್ತು. ಐದಾರು ನಿಮಿಷವಾದ ಮೇಲೆ ನಿಧಾನವಾಗಿ ಆಡತೊಡಗಿತು. ಅಲ್ಲಿಯವರೆಗೆ ಇಸಿಯುಗೆ ಸೆನ್ಸರಿನ ಮಾತು ಕೇಳುವುದಿಲ್ಲ, ಅಂದಾಜಿನ ಮೇಲೆ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಬಿಡುತ್ತದೆ. ಚಿಕ್ಕಪ್ಪನ ಓಡಾಟವೆಲ್ಲ ಮನೆಯಿಂದ ತೋಟ, ತೋಟದಿಂದ ಸೊಸೈಟಿ, ಸೊಸೈಟಿಯಿಂದ ಮನೆ. ನಾಲ್ಕೈದು ಕಿಲೋಮೀಟರಿನ ತುಂಡು ಪ್ರಯಾಣ, ಅದೂ ಮಳೆಯಲ್ಲಿ. ಪೈಪು ಕಾಯುವ ಹೊತ್ತಿಗೆ ಊರು ಬಂದಿರುತ್ತದೆ. ಆದರೆ ಐದಾರು ನಿಮಿಷದ ಮೇಲೆ ಚೆನ್ನಾಗಿ ಆಡುತ್ತಿದೆ ಎಂದರೆ ಅಳೆಯುವ ಭಾಗ ಸರಿಯಿದೆ. ಅನುಮಾನ ಹೀಟರಿನ ಮೇಲಷ್ಟೇ ಉಳಿಯಿತು.

ಸೆನ್ಸರಿನ ನಾಲ್ಕು ವೈರಿನ ಕನೆಕ್ಟರ್ ಬಿಚ್ಚಿದೆ. ಪಿನ್ನುಗಳು ಹೊಳೆಯುತ್ತಿದ್ದವು. ಹೀಟರಿನ ಎರಡು ವೈರುಗಳ ನಡುವೆ 8 ಓಮ್. ತಂತಿ ಕಡಿದಿದ್ದರೆ ಮೀಟರ್ ಏನನ್ನೂ ತೋರಿಸುತ್ತಿರಲಿಲ್ಲ. ಅಂದರೆ ಹೀಟರ್ ಜೀವಂತ. ಆ ಕ್ಷಣ 4,200 ಉಳಿಯಿತು ಎನಿಸಿತು. ಇನ್ನು ಹೀಟರಿಗೆ ಕರೆಂಟು ಬರುತ್ತಿದೆಯೇ ಎಂದು ಬೈಕಿನ ಕಡೆಯ ಕನೆಕ್ಟರಿನಲ್ಲಿ ಕೀ ಆನ್ ಮಾಡಿ ನೋಡಿದೆ: 12.2 ವೋಲ್ಟ್. ಅದೂ ಸರಿ! ಹೀಟರೂ ಸರಿ, ಕರೆಂಟೂ ಸರಿ ಎಂದಾದರೆ ಉಳಿಯುವುದು ಇಸಿಯು. ನನಗೆ ಕೈಕಾಲು ತಣ್ಣಗಾಯಿತು.

ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಊರಿನ ಗ್ಯಾರೇಜಿನ ಅಣ್ಣನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರ ಹತ್ತಿರ ಸ್ಕ್ಯಾನರ್ ಇಲ್ಲ, ಇಂಜೆಕ್ಷನ್ ಗಾಡಿಗಳನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಆದರೆ ಮೂವತ್ತು ವರ್ಷದಿಂದ ವೈರಿಂಗ್ ನೋಡಿದವರು. ಕೇಳಿದ್ದು ಒಂದೇ ಪ್ರಶ್ನೆ: "ಲೋಡ್ ಕೊಟ್ಟು ನೋಡಿದ್ರಾ ಮೇಷ್ಟ್ರೇ?" ಇಲ್ಲ ಎಂದೆ. ಹೋಲ್ಡರಿಗೆ ಎರಡು ವೈರು ಬೆಸೆದ 12 ವೋಲ್ಟ್, 10 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಡ್ರಾಯರಿನಿಂದ ತೆಗೆದು ಕೊಟ್ಟರು. "ಮೀಟರ್‌ಗೆ ಕರೆಂಟೇ ಬೇಕಿಲ್ಲ, ಕೂದಲೆಳೆಯಷ್ಟು ತಾಗಿದ್ರೂ 12 ತೋರಿಸುತ್ತೆ. ಇದನ್ನ ಉರಿಸಿ ನೋಡಿ."

ಅದೇ ಕನೆಕ್ಟರಿಗೆ, ಮೀಟರ್ 12.2 ತೋರಿಸಿದ ಅದೇ ಪಿನ್ನಿಗೆ ಬಲ್ಬಿನ ಒಂದು ತುದಿ, ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು ತುದಿ ಹಿಡಿದೆ. ಬಲ್ಬು ಉರಿಯಲಿಲ್ಲ. ಹಿಡಿದುಕೊಂಡೇ ಮೀಟರ್ ಇಟ್ಟು ನೋಡಿದರೆ ಅರ್ಧ ವೋಲ್ಟೂ ಇಲ್ಲ. ಹೀಟರ್ ಉರಿಯಲು ಒಂದೂವರೆ ಆಂಪಿಯರ್ ಬೇಕು, 12ನ್ನು 8ರಿಂದ ಭಾಗಿಸಿದರೆ ಅಷ್ಟೇ. ಈ ದಾರಿಯಲ್ಲಿ ಬಲ್ಬಿಗೆ ಬೇಕಾದ ಸುಮಾರು 0.8 ಆಂಪಿಯರ್ ಕೂಡ ಬರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಬಲ್ಬು ಹಿಡಿದುಕೊಂಡು ಹಿಂದಕ್ಕೆ ಹೋಗುವುದೇ ಕೆಲಸ. ಫ್ಯೂಸಿನ ಹತ್ತಿರ ಹಿಡಿದರೆ ಪ್ರಖರವಾಗಿ ಉರಿಯಿತು. ಹಾಗಾದರೆ ತಪ್ಪು ಫ್ಯೂಸಿಗೂ ಸೆನ್ಸರಿಗೂ ನಡುವೆ. ಟ್ಯಾಂಕು ಎತ್ತಿದಾಗ ಚಾಸಿಸ್ ಪೈಪಿಗೆ ಕಟ್ಟಿದ್ದ ಒಂದು ಕಪ್ಪು ಕನೆಕ್ಟರ್ ಕಂಡಿತು. ಅದರ ಬಾಯಿ ಮೇಲ್ಮುಖವಾಗಿತ್ತು, ಟ್ಯಾಂಕಿನಿಂದ ಸೋರುವ ಮಳೆನೀರು ನೇರ ಅದರೊಳಗೆ. ಬಿಚ್ಚಿದರೆ ಆರು ಪಿನ್ನುಗಳಲ್ಲಿ ಐದು ಹಿತ್ತಾಳೆಯ ಬಣ್ಣ, ಒಂದು ಹಸಿರು ಬೆರೆತ ನೀಲಿ. ಪಿನ್ನಿನ ಸುತ್ತ ಪುಡಿ ಕಟ್ಟಿಕೊಂಡು ಹೂ ಅರಳಿದ ಹಾಗಿತ್ತು. ಬಗ್ಗಿ ನೋಡುತ್ತಿದ್ದ ಚಿಕ್ಕಪ್ಪ, "ಇದು ನಮ್ ಮೈಲುತುತ್ತದ ಬಣ್ಣವೇ ಅಲ್ವೇನೋ!" ಎಂದರು. ಅವರ ಅಂಗೈಯಲ್ಲಿ ಹಿಂದಿನ ದಿನ ತೋಟಕ್ಕೆ ಹೊಡೆಯಲು ಮೈಲುತುತ್ತದ ಬೋರ್ಡೋ ದ್ರಾವಣ ಕದಡಿದ ನೀಲಿ ಇನ್ನೂ ಹೋಗಿರಲಿಲ್ಲ. ಮೈಲುತುತ್ತವೂ ತಾಮ್ರದ ಲವಣವೇ, ಪಿನ್ನಿಗೆ ಹಿಡಿದ ಕಿಲುಬೂ ತಾಮ್ರದ್ದೇ. ಸದಾ 12 ವೋಲ್ಟ್ ಇರುವ ಪಿನ್ನಿಗೆ ನೀರು ನಿಂತರೆ ಉಳಿದವುಗಳಿಗಿಂತ ಅದೇ ಮೊದಲು ತಿಂದುಹೋಗುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಎಮರಿ ಕಾಗದದ ಸಣ್ಣ ಪಟ್ಟಿ ಮಡಚಿ ಒಳಗಿಂದ ಕೆರೆದೆ. ಹೆಣ್ಣು ಪಿನ್ನು ಸಡಿಲವಾಗಿತ್ತು, ಸೂಜಿಯಿಂದ ಮೆಲ್ಲಗೆ ಒತ್ತಿ ಬಿಗಿ ಮಾಡಿದೆ. ಆಮೇಲೆ ಬಲ್ಬು ಹಿಡಿದಾಗ ಮನೆಯ ಅಂಗಳದ ಆ ಮಬ್ಬಿನಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು. ನೀರು ಒಳಗೆ ಹೋಗದಂತೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ, ಕನೆಕ್ಟರಿನ ಬಾಯಿಯನ್ನು ಕೆಳಮುಖ ಮಾಡಿ ಕಟ್ಟಿದೆ.

ಕೋಡನ್ನು ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರ್ ಸಮೇತ ಬರೆದುಕೊಂಡ ಮೇಲಷ್ಟೇ ಅಳಿಸಿದೆ. ಅಳಿಸಿದರೆ ಆ ಹೊತ್ತಿನ ದಾಖಲೆಯೂ ಹೋಗುತ್ತದೆ. ಲೈಟು ಆರಿಸುವುದೇ ರಿಪೇರಿ ಎಂದುಕೊಂಡು ದಿನಾ ಅಳಿಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಮರುದಿನ ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದೊಳಗೇ ಸೆನ್ಸರ್ ಆಡಲು ಶುರುವಾಯಿತು.

ಲೆಕ್ಕ ಮತ್ತು ಮಿತಿ

ಡಾಂಗಲ್ 1,150, ಕೇಬಲ್ 550, ಮೊದಲೇ ಇದ್ದ ಮಲ್ಟಿಮೀಟರ್ 750. ಬಲ್ಬಿನದು 40 ರೂಪಾಯಿ. ಗ್ಯಾರೇಜಿನ ಅಣ್ಣ ದುಡ್ಡು ಬೇಡ ಎಂದರು, ನಾನೇ ಒತ್ತಾಯ ಮಾಡಿ ಕೊಟ್ಟೆ. ಒಟ್ಟು 2,490. ನನ್ನನ್ನು ಕೇಳಿದರೆ ಮೊದಲು ಮಲ್ಟಿಮೀಟರ್ ಮತ್ತು ಬಲ್ಬು ಕೊಳ್ಳಿ, ಅವನ್ನು ಬಳಸಲು ಕಲಿಯಿರಿ, ಡಾಂಗಲ್ ಆಮೇಲೆ. ನಮ್ಮ ಪ್ರಕರಣದಲ್ಲಿ ಡಾಂಗಲ್ ಮಾಡಿದ್ದು ಎಲ್ಲಿ ಹುಡುಕಬೇಕು ಎಂದು ತೋರಿಸುವ ಕೆಲಸ. ಅದಿಲ್ಲದಿದ್ದರೆ ಹತ್ತು ಕನೆಕ್ಟರ್ ಬಿಚ್ಚಬೇಕಿತ್ತು, ನಿಜ. ಆದರೆ ಕಿಲುಬು ಸಿಕ್ಕಿದ್ದು ಬಲ್ಬಿನಿಂದ.

ಈ ಸೆಟ್ಟಿನಿಂದ ಆಗದ ಕೆಲಸಗಳೂ ಇವೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಬೈಕುಗಳಲ್ಲೂ ಎಬಿಎಸ್ ಇರಬೇಕು. ಅದರ ಲೈಟು ಹತ್ತಿದರೆ ಸಾಮಾನ್ಯ ಆಪ್‌ನಲ್ಲಿ ಕೋಡ್ ಕಾಣುವುದಿಲ್ಲ, ಅದಕ್ಕೆ ಸರ್ವೀಸ್ ಸೆಂಟರೇ ದಾರಿ. ಬ್ರೇಕಿನ ವಿಷಯದಲ್ಲಿ ಅಂದಾಜಿನ ಕೆಲಸ ನಾನಂತೂ ಮಾಡುವುದಿಲ್ಲ. ಎಲ್ಲ ಗಾಡಿಗೂ ಡಾಂಗಲ್ ಬೇಕೆಂದೂ ಇಲ್ಲ. ಹೋಂಡಾದ ಹಲವು ಇಂಜೆಕ್ಷನ್ ಮಾಡೆಲ್‌ಗಳಲ್ಲಿ ತಪಾಸಣೆಯ ಕನೆಕ್ಟರಿನ ಎರಡು ನಿಗದಿತ ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿ ಕೀ ಆನ್ ಮಾಡಿದರೆ ಹಳದಿ ಲೈಟೇ ಮಿನುಗಿ ಕೋಡ್ ಹೇಳುತ್ತದೆ: ಉದ್ದದ ಮಿನುಗಿಗೆ ಹತ್ತು, ಗಿಡ್ಡದಕ್ಕೆ ಒಂದು. ಎರಡು ಉದ್ದ, ಒಂದು ಗಿಡ್ಡ ಬಂದರೆ 21, ಅದು ಆಕ್ಸಿಜನ್ ಸೆನ್ಸರ್. ಯಾವ ಎರಡು ಪಿನ್ನು ಎಂಬುದನ್ನು ಆ ಮಾಡೆಲಿನ ಸರ್ವೀಸ್ ಪುಸ್ತಕ ನೋಡಿಯೇ ಮಾಡಬೇಕು.

ಒಂದು ತಪ್ಪು ನಾನು ಮಾಡಿದೆ. ಎಲ್ಲ ಸರಿಯಾದ ಖುಷಿಯಲ್ಲಿ ಡಾಂಗಲ್ಲನ್ನು ಸೀಟಿನ ಕೆಳಗೇ ಬಿಟ್ಟು ಮುಚ್ಚಿದೆ. ನಮ್ಮ ಬೈಕಿನ ಆ ಪೋರ್ಟಿಗೆ ಕೀ ತೆಗೆದರೂ ಕರೆಂಟು ಬರುತ್ತದೆ. ಇಂಥ ಡಾಂಗಲ್ ಸುಮ್ಮನಿದ್ದಾಗಲೂ 40 ಮಿಲಿಆಂಪಿಯರ್ ಎಳೆದರೆ ದಿನಕ್ಕೆ ಸುಮಾರು 1 ಆಂಪಿಯರ್ ಅವರ್ ಹೋಯಿತು. ಕಾರಿನ ಬ್ಯಾಟರಿ ತಡೆದುಕೊಳ್ಳುತ್ತದೆ, ಬೈಕಿನ 8 ಆಂಪಿಯರ್ ಅವರಿನ ಬ್ಯಾಟರಿ ಎಷ್ಟು ದಿನ ತಡೆದೀತು? ಮಳೆ ಜೋರಾಗಿ ಐದು ದಿನ ಬೈಕು ತೆಗೆಯಲಿಲ್ಲ, ಆರನೇ ದಿನ ಸೆಲ್ಫ್ ಟಕ್ ಎಂದು ನಿಂತಿತು. ಆ ಬೈಕಿಗೆ ಕಿಕ್ಕರ್ ಬೇರೆ ಇಲ್ಲ. ಅಂಗಳದ ಇಳಿಜಾರಿನಲ್ಲಿ ಚಿಕ್ಕಪ್ಪ ಕೂತು ನಾನು ತಳ್ಳಿದೆ. ಈಗ ಡಾಂಗಲ್, ಕೇಬಲ್, ಬಲ್ಬು ಮೂರೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಪಂಪ್‌ಸೆಟ್ಟಿನ ಸಾಮಾನಿನ ಪಕ್ಕ ಇರುತ್ತವೆ. ಮುಚ್ಚಳದ ಮೇಲೆ ಚಿಕ್ಕಪ್ಪ ತಮ್ಮ ಕೈಯಲ್ಲೇ ಬರೆದು ಅಂಟಿಸಿದ್ದಾರೆ: "ನೋಡಿದ ಮೇಲೆ ಕಿತ್ತು ಇಡುವುದು."